ಮರಳಿನಲ್ಲಿ ಹೂತಿಟ್ಟ ಅಣಬೆ

ಪ್ರಕೃತಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಅದು ಗಾಜಿನ ಆಚೆ ಇರಬೇಕು, ಈಚೆ ಏಸಿ ಓಡುತ್ತಿರಬೇಕು, ಅಷ್ಟೇ. ಇಂಥ ನನ್ನನ್ನು ಸೌದಿಯ ಉತ್ತರದ ಮರುಭೂಮಿಯಲ್ಲಿ, ಪೆಟ್ರೋಲ್ ಬಂಕಿಗೂ ಒಂದೂವರೆ ಗಂಟೆ ದಾರಿ ಇರುವ ಲಾಡ್ಜೊಂದರ ‘ಪ್ರಕೃತಿ ತಜ್ಞ’ನನ್ನಾಗಿ ಮಾಡಿದ ಕೀರ್ತಿ ನಮ್ಮ ಮ್ಯಾನೇಜರರಿಗೇ ಸಲ್ಲಬೇಕು. ನಾನು ಬುಕಿಂಗ್ ಬರೆದುಕೊಳ್ಳುತ್ತಿದ್ದ ಉಡುಪಿಯ ಗುಮಾಸ್ತ. ಇದ್ದ ಗೈಡು ಕೆಲಸ ಬಿಟ್ಟಾಗ ಅವನ ಟೋಪಿ ನನ್ನ ತಲೆಗೆ ಬಂತು. ಜ್ಞಾನವೂ ಟೋಪಿಯ ಜೊತೆಗೇ ಬರುತ್ತದೆಂದು ಮ್ಯಾನೇಜರರ ನಂಬಿಕೆ. ಅಂದಿನಿಂದ ಕಂಡ ಹಕ್ಕಿಯನ್ನೆಲ್ಲ ‘ವಲಸೆ ಬಂದದ್ದು’ ಎನ್ನುತ್ತೇನೆ. ನಾನೂ ಹಾಗೆಯೇ ಬಂದವನಾದ್ದರಿಂದ ಯಾರೂ ಅನುಮಾನಿಸಿಲ್ಲ.

ಹೀಗಿರುವಾಗ ವಸಂತ ಬಂತು. ಚಳಿಗಾಲದಲ್ಲಿ ಗುಡುಗು ಮಳೆ ಚೆನ್ನಾಗಿ ಆಗಿದ್ದರೆ ಈ ಹೊತ್ತಿಗೆ ಮರಳಿನಡಿ ಫಗಾ ಎಂಬ ಅಣಬೆ ಏಳುತ್ತದೆ, ಆಲೂಗಡ್ಡೆಯಷ್ಟು ದಪ್ಪ. ರಾಜಧಾನಿಯ ಒಲಾಯಾ ಬಡಾವಣೆಯ ಆಫೀಸುಗಳಲ್ಲಿ ಕೈಜಾರಿದ ಪೆನ್ನನ್ನೂ ಬಗ್ಗಿ ಎತ್ತದ ಮಹನೀಯರು ಇದಕ್ಕಾಗಿ ಇಲ್ಲಿಯವರೆಗೆ ಬಂದು ಮಂಡಿಯೂರಿ ಮರಳು ಕೆದಕುತ್ತಾರೆ. ನಾನು ನಾಲ್ಕು ದಿನ ಹುಡುಕಿದ್ದಕ್ಕೆ ಪೆಪ್ಸಿ ಬಾಟಲಿಯ ಮುಚ್ಚಳವೊಂದು ಸಿಕ್ಕಿತು. “ಶುಕ್ರವಾರದ ಅತಿಥಿಗಳಿಗೆ ಫಗಾ ಸಿಗದಿದ್ದರೆ ನಿನಗೆ ರಜೆಯೂ ಸಿಗುವುದಿಲ್ಲ” ಎಂದರು ಮ್ಯಾನೇಜರು. ಮಗಳು ನಡೆಯಲು ಕಲಿತದ್ದನ್ನು ಫೋನಿನಲ್ಲಷ್ಟೇ ನೋಡಿದವನು ನಾನು. ನಿಜಕ್ಕೂ ಹೆದರಿದೆ.

ಕಾಪಾಡಿದವನು ನಮ್ಮ ಅಡುಗೆಯ ಹಮೀದ್, ಉಪ್ಪಿನಂಗಡಿಯವನು. “ಅದಕ್ಕೆ ಎಂತ ಹೆದರುವುದು ಶೆಟ್ರೆ? ಪೇಟೆಯಲ್ಲಿ ರಾಶಿ ಹಾಕಿ ಮಾರ್ತಾರೆ. ತಂದು ಹೂತರಾಯ್ತು. ನಮ್ಮೂರಿನ ಮಳೆಗಾಲದ ಕಲ್ಲಣಬೆಯ ದೊಡ್ಡಪ್ಪನ ಮಗನ ಹಾಗೆ ಉಂಟು ಮಾರಾಯ್ರೆ” ಎಂದ. ಗುರುವಾರ ತಂದೂ ಕೊಟ್ಟ. ಶುಕ್ರವಾರ ಅತಿಥಿಗಳು ಏಳುವ ಮೊದಲೇ ನಾನು ನಿಸರ್ಗದ ಕೆಲಸ ಮುಗಿಸಿ ಬಂದು ಚಹಾ ಕುಡಿದೆ.

ಬಂದದ್ದು ಒಂದೇ ಕುಟುಂಬ, ಜೊತೆಗೊಬ್ಬರು ಅಜ್ಜಿ. ನಾನು ಗಂಭೀರವಾಗಿ ಮರಳು ಮೂಸಿ “ಇಲ್ಲಿ” ಎಂದೆ. ಸಿಕ್ಕಿತು. ಮಕ್ಕಳು ಕುಣಿದರು, ಅಪ್ಪ ಸೆಲ್ಫಿ ತೆಗೆದ. ಅಜ್ಜಿ ಮಾತ್ರ ಅದನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ಹತ್ತಿರ ಬಂದರು. “ಮಗನೇ, ನಿಮ್ಮ ಕಡೆ ಇದು ಸ್ನಾನ ಮಾಡಿಕೊಂಡು ಬೆಳೆಯುತ್ತದೆಯೇ?” ಎಂದು ಮೆಲ್ಲಗೆ ಕೇಳಿದರು. ಆಮೇಲೆ “ಕಾಲು ತೆಗೆ” ಎಂದರು. ನಾನು ನಿಂತಿದ್ದಲ್ಲೇ ನೆಲ ಸ್ವಲ್ಪ ಬಿರುಕು ಬಿಟ್ಟಿತ್ತು. ಕೋಲಿನಿಂದ ಒಮ್ಮೆ ಮೀಟಿದರು, ಮೈತುಂಬ ಮಣ್ಣು ಹೊತ್ತ ಅಸಲಿ ಫಗಾ ಹೊರಬಂತು.

ಹಮೀದನನ್ನು ಹಿಡಿದು ಕೇಳಿದೆ. “ಮತ್ತೆ? ನೆಂಟರಿಗೆ ಮಣ್ಣು ಸಮೇತ ಕೊಡ್ಲಿಕ್ಕೆ ಆಗ್ತದಾ? ಮೂರು ನೀರಿನಲ್ಲಿ ತೊಳೆದಿದ್ದೇನೆ” ಎಂದ, ಸ್ವಲ್ಪ ಬೇಜಾರಿನಿಂದಲೇ.

ಅಜ್ಜಿ ನನ್ನ ಗುಟ್ಟು ಬಿಟ್ಟುಕೊಡಲಿಲ್ಲ. ಅದಕ್ಕಿಂತ ದೊಡ್ಡ ಉಪಕಾರ ಮಾಡಿ ಹೋದರು. ಇಷ್ಟು ನಗಿಸಿದ ಗೈಡನ್ನು ಕಂಡಿಲ್ಲ, ಇನ್ನು ಪ್ರತಿ ಶುಕ್ರವಾರ ಬರುತ್ತೇವೆ, ಅವನೇ ಬೇಕು ಎಂದು ಮ್ಯಾನೇಜರರಿಗೆ ಹೇಳಿದರಂತೆ. “ಇಂಥ ಗೈಡನ್ನು ವಸಂತ ಮುಗಿಯುವ ತನಕ ಹೇಗೆ ಬಿಡಲಿ?” ಎಂದು ಮ್ಯಾನೇಜರು ನನ್ನ ರಜೆಯ ಅರ್ಜಿಯನ್ನು ಪ್ರೀತಿಯಿಂದ ಡ್ರಾಯರಿನೊಳಗೆ ಇಟ್ಟರು.

“ರಜೆಯೂ ಕೊಡದಷ್ಟು ಎಂತ ಕೆಲಸ ನಿಮಗೆ ಅಲ್ಲಿ?” ಎಂದು ಹೆಂಡತಿ ಫೋನಿನಲ್ಲಿ ಕೇಳಿದಳು. “ಪ್ರಕೃತಿಯದ್ದೇ ಕೆಲಸ” ಎಂದು ಹೇಳಿ, ಮುಂದಿನ ಶುಕ್ರವಾರಕ್ಕೆ ತಂದ ಪೇಟೆಯ ಅಣಬೆಗೆ ಮಣ್ಣು ಮೆತ್ತುತ್ತಾ ಕೂತೆ.