ತೂಕವಿಲ್ಲದ ಕಡೆ ಬೆಳೆಯುವ ಮಂಡಿ

ನನ್ನಲ್ಲಿ ಒಂದು ಕೆಟ್ಟ ಗುಣವಿದೆ. ಅರ್ಥವಾಗದ ಮಾತು ಕಿವಿಗೆ ಬಿದ್ದರೆ, ಆಡಿದವರನ್ನು ಸುಮ್ಮನೆ ಬಿಡುವುದಿಲ್ಲ. ನಾನು ಶಾಲೆಗೆ ಹೋದದ್ದು ಎರಡೇ ವರ್ಷ. ಉಳಿದ ಅಕ್ಷರಗಳನ್ನು ಬಸ್ಸಿನ ಬೋರ್ಡು ನೋಡಿ ಕಲಿತೆ. ಕಡಿಮೆ ಓದಿದವರಲ್ಲಿ ಪ್ರಶ್ನೆಗಳು ಖರ್ಚಾಗದೆ ಉಳಿದಿರುತ್ತವೆ. ನಮ್ಮ ಊರು ಬಿಳಿಚೋಡಿಗೆ ಕುರಿಗಳಿಗೆ ಸೂಜಿ ಹಾಕಲು ಬರುವ ಡಾಕ್ಟರು ನನ್ನನ್ನು ಕಂಡರೆ ಬೈಕಿನ ವೇಗ ಹೆಚ್ಚಿಸುತ್ತಾರೆ. ಕುರಿಗೆ ಮೇಲೆ ಮುಂದಿನ ಹಲ್ಲು ಯಾಕಿಲ್ಲ ಎಂದು ಒಮ್ಮೆ ಅರ್ಧ ಗಂಟೆ ನಿಲ್ಲಿಸಿಕೊಂಡು ಕೇಳಿದ್ದೆ, ಅಷ್ಟೇ.

ಹೋದ ತಿಂಗಳು ದಾವಣಗೆರೆಯ ಮೂಳೆ ಡಾಕ್ಟರು ನನ್ನ ಬಲ ಮಂಡಿಯ ಫೋಟೋವನ್ನು ಬೆಳಕಿಗೆ ಹಿಡಿದು, "ಒಳಗಿನ ಮೆತ್ತೆ ಪೂರ್ತಿ ಸವೆದೈತೆ ಅಜ್ಜಿ. ಅದು ತಿರುಗಿ ಬೆಳೆಯಲ್ಲ. ಆಪರೇಷನ್ ಮಾಡಿ ಬೇರೆ ಕೀಲು ಹಾಕಾನ. ಚೆನ್ನಾಗಿ ನಡೀತೀರಿ, ಆದ್ರೆ ನೆಲದ ಮೇಲೆ ಕುಂದ್ರಂಗಿಲ್ಲ" ಎಂದರು. ನಡೆದು ನಾನು ಎಲ್ಲಿಗೆ ಹೋಗಬೇಕು? ಹುಟ್ಟಿದಾಗಿನಿಂದ ನೆಲದ ಮೇಲೆ ಕೂತು ರೊಟ್ಟಿ ಬಡಿದವಳು. ನನ್ನ ಸೊಸೆ ಗ್ಯಾಸಿನ ಕಟ್ಟೆಯ ಮುಂದೆ ನಿಂತು ಬಡಿಯುತ್ತಾಳೆ. ನಿಂತು ಬಡಿದ ರೊಟ್ಟಿ ಬಸ್ಸಿಗೆ ಕಾಯುವವರಿಗೆ ಸರಿ ಎಂದು ನಾನು ಇಪ್ಪತ್ತು ವರ್ಷದಿಂದ ಅನ್ನುತ್ತಲೇ ಬಂದಿದ್ದೇನೆ, ಅದೂ ಅವಳಿಗೆ ಕೇಳುವ ಹಾಗೆ. ಈಗ ನಾನೇ ಹೋಗಿ ಅವಳ ಪಕ್ಕ ನಿಲ್ಲುವುದೆಂದರೇನು? ಆಮೇಲೆ ಹೇಳುತ್ತೇನೆ ಎಂದು ಡಾಕ್ಟರಿಗೆ ಹೇಳಿ ಬಂದೆ.

ಆ ಭಾನುವಾರವೇ ಮೊಮ್ಮಗಳು ಸುಮಾ ಬಂದಳು. ದಾವಣಗೆರೆಯಲ್ಲಿ ಜೀವಶಾಸ್ತ್ರ ಓದುತ್ತಾಳೆ. ನನ್ನ ಮಂಡಿಗೆ ಎಣ್ಣೆ ಉಜ್ಜುತ್ತಾ, ಮನುಷ್ಯರ ಮೈಯ ಜೀವಕೋಶಗಳನ್ನು ಆಕಾಶದಲ್ಲಿ ಸುತ್ತುವ ಒಂದು ಪ್ರಯೋಗದ ಮನೆಗೆ ಕಳಿಸಿ, ಅಲ್ಲಿ ಬೆಳೆಸಿ ನೋಡುತ್ತಿದ್ದಾರೆ, ಮಂಡಿಯ ಮೆತ್ತೆಯನ್ನು ಸಹ, ಎಂದಳು. ನಾನು ಎದ್ದು ಕೂತೆ.

"ಇಲ್ಲಿ ಬೆಳಸಾಕೆ ಏನು ರೋಗ?"

"ಇಲ್ಲಿ ತಟ್ಟೇಲಿ ಹಾಕಿದ್ರೆ ತಳಕ್ಕೆ ಕುಂತು ರೊಟ್ಟಿ ಹಂಗೆ ಹರಡ್ತವೆ ಅಜ್ಜಿ. ಅಲ್ಲಿ ತೂಕ ಇರಲ್ಲ, ತಳ ಸೇರಲ್ಲ. ಒಂದಕ್ಕೊಂದು ಹಿಡ್ಕಂಡು ಉಂಡೆಗಟ್ಟಿ ಬೆಳೀತವೆ, ಮೈಯೊಳಗೆ ಬೆಳೆದಂಗೆ."

ತೂಕವಿಲ್ಲದ್ದು ಬೇಕಾದರೆ ನಮ್ಮ ಮನೆಯಲ್ಲೇ ಇದೆಯಲ್ಲ ಎನ್ನಿಸಿತು. ಬೆಕ್ಕಿಗೆ ಸಿಗದಿರಲೆಂದು ಮೊಸರಿನ ಗಡಿಗೆಯನ್ನು ತೊಲೆಗೆ ಹಗ್ಗದ ನೆಲುವು ಕಟ್ಟಿ ತೂಗುಹಾಕಿದ್ದೇವೆ. ನೆಲ ಮುಟ್ಟದೆ ಗಾಳಿಯಲ್ಲೇ ಇದೆ. ಅದರಲ್ಲಿ ಬೆಳೆಸಲಿ ಎಂದೆ. ಸುಮಾ ನಕ್ಕಳು.

"ಹಗ್ಗ ಹಿಡಿದೈತಲ್ಲಜ್ಜಿ. ಹಗ್ಗ ಕಿತ್ತು ಗಡಿಗೆ ಬೀಳೋ ಹೊತ್ತಿಗೆ ಮಾತ್ರ ಒಳಗಿನ ಮೊಸರಿಗೆ ತೂಕ ಇರಲ್ಲ."

"ಆಮೇಲೆ?"

"ಆಮೇಲೆ ನಮ್ಮವ್ವ ಪೊರಕೆ ಹಿಡ್ಕಂಡು ಬರ್ತಾಳೆ."

ಆಕಾಶದ ಆ ಮನೆಯೂ ಬೀಳುತ್ತಲೇ ಇದೆಯಂತೆ. ಭೂಮಿಯ ಸುತ್ತಲೇ ಬೀಳುವುದರಿಂದ ಅದಕ್ಕೆ ನೆಲ ಸಿಗುವುದಿಲ್ಲವಂತೆ. ಇದು ನನ್ನ ತಲೆಗೆ ಹತ್ತಲಿಲ್ಲ. ಬೀಳುವಾಗ ತೂಕ ಹೋಗುತ್ತದೋ ನೋಡೇಬಿಡೋಣವೆಂದು, ಮಂಗಳವಾರ ಜಗಳೂರಿಗೆ ಹೋಗುವಾಗ ಬೇಕೆಂದೇ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತೆ.

"ಅಜ್ಜಿ, ಮುಂದೆ ಖಾಲಿ ಐತೆ ಬರ್ರಿ. ಅಲ್ಲಿ ಎತ್ತಿ ಹಾಕ್ತೈತೆ" ಎಂದ ಕಂಡಕ್ಟರ್.

"ಎತ್ತಿ ಹಾಕ್ಲಿ ಅಂತಾನೇ ಕುಂತೀನಿ. ನೀ ಟಿಕೆಟ್ ಹರಿಯಪ್ಪ."

ರಸ್ತೆಯಲ್ಲಿ ಹಂಪು ಬಂತು. ಸೀಟು ಕೆಳಗೆ ಉಳಿಯಿತು, ನಾನು ಮೇಲೆ ಹೋದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ನನಗೆ ಮಂಡಿಯೇ ಇರಲಿಲ್ಲ. ನೋವಿಲ್ಲ, ಭಾರವಿಲ್ಲ. ಸುಮಾ ಹೇಳಿದ್ದು ನಿಜ. ನಾನು ಮೇಲೆ ಹೋಗಿದ್ದನ್ನು ಯಾರೂ ನೋಡಲಿಲ್ಲ. ಇಳಿದದ್ದನ್ನು ಮಾತ್ರ ಇಡೀ ಬಸ್ಸು ಕೇಳಿಸಿಕೊಂಡಿತು. ಊದಿದ ಮಂಡಿ ಹೊತ್ತುಕೊಂಡು ಮನೆಗೆ ಬಂದವಳೇ ಸುಮಾಳಿಗೆ ಫೋನು ಮಾಡಿಸಿದೆ. ಆ ಮೇಲಿನ ಮೆತ್ತೆ ಇಲ್ಲಿಗೆ ಯಾವಾಗ ಬರುತ್ತದೆ, ಅಲ್ಲಿಯವರೆಗೆ ಕಾಯುತ್ತೇನೆ ಎಂದೆ.

"ಇನ್ನೂ ಕಲೀತಿದಾರೆ ಅಜ್ಜಿ. ನಿನ್ನ ಮಂಡಿಗಂತೂ ಬರಲ್ಲ, ಸುಳ್ಳು ಹೇಳಲ್ಲ ನಾನು." ಮತ್ತೆ ಅವಳೇ ಅಂದಳು: "ನೀನು ತಿಳ್ಕಳಾಕೆ ಕೇಳ್ತಿಲ್ಲ ಬಿಡು. ಆಪರೇಷನ್ ತಪ್ಪಿಸ್ಕಳಾಕೆ ಕೇಳ್ತಿದೀಯ."

ಓದಿದ ಹುಡುಗಿಯರ ಹತ್ತಿರ ಇದೇ ತೊಂದರೆ. ಎರಡಕ್ಕೂ ಕೇಳಿದ್ದೆ ಎಂದು ವಾದಿಸಬಹುದಿತ್ತು. ಆದರೆ ಮಂಡಿ ಬಿಡಲಿಲ್ಲ. ಡಾಕ್ಟರಿಗೆ ಹೂಂ ಎಂದು ಹೇಳಿ ಕಳಿಸಿದೆ.

ನಿನ್ನೆ ಬೆಳಿಗ್ಗೆ, ಹೇಗೂ ಮುಂದೆ ಇದೇ ಗತಿ ಎಂದು ಸೊಸೆಯ ಪಕ್ಕ ಕಟ್ಟೆಯ ಮುಂದೆ ನಿಂತು ಮೂರು ರೊಟ್ಟಿ ಬಡಿದೆ. ಸೊಸೆ ಮುರಿದು ಬಾಯಿಗಿಟ್ಟಳು. ಇಪ್ಪತ್ತು ವರ್ಷದ್ದನ್ನೆಲ್ಲ ಒಂದೇ ಸಲ ತೀರಿಸುತ್ತಾಳೆ ಎಂದು ಕಾದೆ.

"ನಿಂತು ಬಡಿದಿದ್ದು ಅಂತ ಗೊತ್ತೇ ಆಗಲ್ಲ ಬಿಡ್ರಿ ಅತ್ತೀ" ಎಂದು ಇನ್ನೊಂದು ಹಾಕಿಕೊಂಡಳು.

ಅವಳ ರೊಟ್ಟಿಯನ್ನು ತಿಂದು ಒಮ್ಮೆಯಾದರೂ ನಾನು ಆಡಬೇಕಿದ್ದ ಮಾತು ಅದು. ಯಾಕೆ ಆಡಲಿಲ್ಲ? ಪ್ರಶ್ನೆ ಬಂದರೆ ಯಾರನ್ನೂ ಬಿಡದವಳು, ಇದನ್ನು ಮಾತ್ರ ಕೇಳಿಕೊಳ್ಳದೆ ಬಾಯಿತುಂಬ ರೊಟ್ಟಿ ತುರುಕಿಕೊಂಡೆ.