ಕಲ್ಲು ಅಳುತ್ತದೆಂದು ನಾನು ಬರೆದುಕೊಟ್ಟದ್ದು

ತಮಗೆ ನೆನಪಿನ ಶಕ್ತಿ ಚೆನ್ನಾಗಿದೆ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಹಾಗೆ ಹೇಳಿಕೊಳ್ಳುತ್ತಿರುವವಳು ನಾನೇ ಆಗಿದ್ದರೆ ಇನ್ನೂ ಭಯ. ಈ ಕಾರಣಕ್ಕೇ ಬಹಳ ವರ್ಷಗಳಿಂದ ದಿನಚರಿ ಬರೆಯುತ್ತಿದ್ದೇನೆ. ಆದರೆ ದಿನಚರಿಯನ್ನು ಬರೆಯುವವಳೂ ನಾನೇ ಅಲ್ಲವೇ? ಮೊನ್ನೆ ಹಳೆಯ ಪುಟವೊಂದರಲ್ಲಿ 'ಇಂದು ಗೆಳತಿಯರ ಜೊತೆ ಸಮುದ್ರ ತೀರಕ್ಕೆ ಹೋಗಿದ್ದೆ, ತುಂಬ ನಕ್ಕೆವು' ಎಂದಿತ್ತು. ಯಾವ ಗೆಳತಿಯರು ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಒಬ್ಬಳೇ ಹೋಗಿ ಬಂದು, ಬರೆಯುವಾಗ ಬೇಜಾರಾಗಿ, ಇಬ್ಬರು ಮೂವರನ್ನು ಸೇರಿಸಿಕೊಂಡಿರಬಹುದು. ನನ್ನ ಕೈಬರಹವನ್ನು ಅಷ್ಟರಮಟ್ಟಿಗೆ ಬಲ್ಲೆ.

ನಾನಿರುವುದು ಕಡಲಾಚೆ, ಕ್ಯಾಂಪ್‌ಬೆಲ್ ಎಂಬ ಊರಿನ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ. ಆಫೀಸು ಸ್ಯಾನ್ ಮಟಿಯೋದಲ್ಲಿ. ವಾರಕ್ಕೆ ಮೂರು ದಿನ ಟ್ರೈನು ಹತ್ತಿ ಹೋಗಿ ಯಂತ್ರಗಳ ಜೊತೆ ಬರುವ ಕೈಪಿಡಿಗಳನ್ನು ಬರೆಯುತ್ತೇನೆ. ಪೆಟ್ಟಿಗೆ ತೆರೆದ ಕೂಡಲೇ ಜನ ಮೊದಲು ಎತ್ತಿ ಆಚೆಗಿಡುವ ಪುಸ್ತಕ ಇರುತ್ತದಲ್ಲ, ಅದು ನನ್ನದು. 'ಈ ಗುಂಡಿಯನ್ನು ಒತ್ತಿ' ಎಂದು ನಾನು ಬರೆಯುತ್ತೇನೆ, ಜನ ಇನ್ನೊಂದು ಗುಂಡಿ ಒತ್ತುತ್ತಾರೆ. ಯಾರೂ ಓದದ್ದನ್ನು ಇಷ್ಟು ವರ್ಷ ಇಷ್ಟು ಶ್ರದ್ಧೆಯಿಂದ ಬರೆದವಳಿಗೆ, ಒಂದು ಶನಿವಾರ ಸಂಜೆ ಊರಿನಿಂದ ಫೋನು ಬಂದು, "ನೀನು ಬರೆದದ್ದನ್ನ ಕಲ್ಲಿನ ಪಕ್ಕದಲ್ಲೇ ಬೋರ್ಡು ಮಾಡಿ ಹಾಕಿಸ್ತೀವಿ, ಬಂದೋರೆಲ್ಲ ನಿಂತು ಓದ್ತಾರೆ" ಎಂದರೆ ಏನಾಗಬೇಕು ಹೇಳಿ.

ಫೋನು ಮಾಡಿದವನು ನನ್ನ ದೊಡ್ಡಮ್ಮನ ಮಗ ಸ್ವಾಮಣ್ಣ. ಊರು ಎಂದರೆ ನನ್ನ ಊರಲ್ಲ. ನಾನು ಬೆಳೆದದ್ದು ಮೈಸೂರಿನಲ್ಲಿ. ಮಂಡ್ಯ ಕಡೆಯ ಸಂತೆಕಲ್ಲಹಳ್ಳಿ ನನ್ನ ಅಜ್ಜಿಯ ಊರು, ಬೇಸಿಗೆ ರಜೆಯಲ್ಲಿ ಮಾತ್ರ ನನ್ನದು. ಅಲ್ಲೊಂದು ಹಳೆಯ ಸಂತೆಮಾಳವಿದೆ, ಸಾಲು ಕಂಬಗಳ ಕಲ್ಲು ಮಂಟಪವಿದೆ, ಮಂಟಪದ ಮುಂದೆ ಆಳೆತ್ತರದ ಒಂದು ಕಲ್ಲು ನಿಂತಿದೆ. ತಾಲ್ಲೂಕಿನ ಪ್ರವಾಸಿ ತಾಣಗಳ ಪಟ್ಟಿಗೆ ಇವನ್ನು ಸೇರಿಸಬೇಕೆಂದು ಊರಿನವರು ಸಮಿತಿ ಮಾಡಿಕೊಂಡಿದ್ದರು. ಜನ ಬಂದರೆ ರಸ್ತೆ ಬರುತ್ತದೆ, ಬಸ್ಸು ನಿಲ್ಲುತ್ತದೆ, ಹೆಂಗಸರ ಸಂಘದವರು ನಾಲ್ಕು ಅಂಗಡಿ ಹಾಕಿಕೊಳ್ಳಬಹುದು ಎಂಬ ಲೆಕ್ಕ. ಸ್ವಾಮಣ್ಣ ಸಮಿತಿಯ ಕಾರ್ಯದರ್ಶಿ. ಆದರೆ ಬರೀ ಕಲ್ಲು ನೋಡಲು ಯಾರು ಬರುತ್ತಾರೆ? ಕಲ್ಲಿಗೊಂದು ಕತೆ ಬೇಕು ಎಂದ. ನಿನಗೇನಾದರೂ ನೆನಪಿದೆಯಾ ಎಂದು ಕೇಳಿದ.

ಈ ಪ್ರಶ್ನೆಯನ್ನು ನನ್ನಂಥವಳಿಗೆ ಕೇಳಬಾರದು. ನನಗೆ ಆ ಕ್ಷಣವೇ ಎಲ್ಲ ನೆನಪಾಯಿತು. ಅದರ ಹೆಸರು ಅಳೋ ಕಲ್ಲು. ಅಜ್ಜಿ ನನ್ನನ್ನು ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಬಿಸಿಲು, ಕಲ್ಲಿನ ಒರಟು ಮೈ, ಯಾರದೋ ಅಳು. ಮರುದಿನ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಯಲ್ಲಿ ಡ್ರೈಯರು ತಿರುಗುವುದನ್ನು ನೋಡುತ್ತ ಕುಳಿತು ಬರೆದೆ. ಸಂತೆಗೆ ಗಾಡಿ ಹೂಡಿಕೊಂಡು ಹೋದ ಗಂಡ ಹಿಂದಿರುಗಲಿಲ್ಲ. ಹೆಂಡತಿ ಪ್ರತಿ ಸಂತೆಯ ದಿನ ಈ ಕಲ್ಲಿಗೆ ಹಣೆ ಹಚ್ಚಿ ಅತ್ತಳು. ಅವಳು ಹೋದ ಮೇಲೆ ಕಲ್ಲೇ ಅಳತೊಡಗಿತು. ಕಡುಬೇಸಿಗೆಯಲ್ಲೂ ಅದರ ಬುಡ ಒದ್ದೆಯಾಗಿರುತ್ತದೆ. ಇದು ನನ್ನ ಅಜ್ಜಿ ಹೇಳಿದ್ದು ಎಂದು ಕೊನೆಗೊಂದು ಸಾಲು ಸೇರಿಸಿದೆ. ಅಜ್ಜಿ ಇದನ್ನೆಲ್ಲ ಹೇಳಿದ್ದಳೇ? ಹೇಳಿದ್ದಳು ಎಂದೇ ಬರೆಯುವಾಗ ಅನ್ನಿಸಿತ್ತು. ಬಟ್ಟೆ ಒಣಗುವಷ್ಟರಲ್ಲಿ ಇಂಗ್ಲಿಷ್ ಅನುವಾದವೂ ಮುಗಿದಿತ್ತು. ಕೈಪಿಡಿಯಲ್ಲಿ ಇಂಥ ಸುಖ ಇಲ್ಲ.

ಬೋರ್ಡು ಬಂತು. ಅದರ ಹಿಂದೆಯೇ ಜನ ಬಂದರು. ಮೊದಲು ಮೈಸೂರಿನಿಂದ ಬೈಕುಗಳು, ಆಮೇಲೆ ಬೆಂಗಳೂರಿನಿಂದ ಕಾರುಗಳು. ಕಲ್ಲಿಗೆ ಹಣೆ ಹಚ್ಚಿ ಫೋಟೋ ತೆಗೆಸಿಕೊಳ್ಳುವುದು ಒಂದು ಪದ್ಧತಿಯೇ ಆಯಿತು. ಕೆಲವರು ನಿಜವಾಗಿಯೂ ಅತ್ತರಂತೆ. ಮಂಟಪದ ಪಕ್ಕದಲ್ಲಿ ತಟ್ಟೆ ಇಡ್ಲಿ ಅಂಗಡಿ ಇಟ್ಟುಕೊಂಡಿದ್ದ ಜಯಮ್ಮ ಜನ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಗಮನಿಸಿ, ಹೆಂಗಸರ ಸಂಘದಿಂದ ಕರ್ಚೀಫು ಹೊಲಿಸಿ ಮಾರಲು ಶುರುಮಾಡಿದಳು. ಮೂಲೆಯಲ್ಲಿ ನೀಲಿ ದಾರದ ಒಂದು ಕಣ್ಣೀರ ಹನಿ. ಸಂತೆಮಾಳದವರೆಗೆ ಡಾಂಬರು ಬಂತು. ಇಬ್ಬರು ಮನೆಯ ಮುಂದಿನ ಕೋಣೆಗೆ ಸುಣ್ಣ ಹೊಡೆಸಿ ಹೋಮ್‌ಸ್ಟೇ ಎಂದು ಬರೆಸಿದರು.

ಈ ವರದಿಯನ್ನೆಲ್ಲ ಸ್ವಾಮಣ್ಣ ಪ್ರತಿ ಶನಿವಾರ ಸಂಜೆ ನನಗೆ ಒಪ್ಪಿಸುತ್ತಿದ್ದ. ಅವನಿಗೆ ಆಗ ಭಾನುವಾರ ಬೆಳಗಿನ ಕಾಫಿ ಹೊತ್ತು. ಸಮಿತಿಯವರು ಹಿಂದಿನಿಂದ "ನಮ್ಮ ಲೇಖಕಿಯವರಾ? ನಮಸ್ಕಾರ ಹೇಳಿ" ಎನ್ನುವುದು ಕೇಳಿಸುತ್ತಿತ್ತು. ನಿಜ ಹೇಳಬೇಕೆಂದರೆ ಅದಕ್ಕೆ ಮೊದಲು ನನ್ನ ಫೋನು ಮೊಳಗುತ್ತಿದ್ದದ್ದು ಹಲ್ಲಿನ ಡಾಕ್ಟರ ಕಡೆಯ ಯಂತ್ರಕ್ಕೆ ಮಾತ್ರ. ಅದು ನನ್ನ ಹೆಸರನ್ನು ಮೂರು ತುಂಡು ಮಾಡಿ ಕರೆದು, ಅಪಾಯಿಂಟ್‌ಮೆಂಟು ನೆನಪಿಸಿ, ಉತ್ತರಕ್ಕೂ ಕಾಯದೆ ಇಟ್ಟುಬಿಡುತ್ತಿತ್ತು. ಈಗ ಶನಿವಾರ ಆರು ಗಂಟೆಯ ಹೊತ್ತಿಗೆ ನಾನು ತಲೆ ಬಾಚಿಕೊಂಡು ಕೂರುತ್ತಿದ್ದೆ. ವೀಡಿಯೋ ಕರೆಯಲ್ಲ, ಬರೀ ಮಾತು. ಆದರೂ ಬಾಚಿಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ಶನಿವಾರ ಸ್ವಾಮಣ್ಣನ ದನಿ ಸಣ್ಣಗಿತ್ತು. ಸ್ಮಾರಕಗಳನ್ನು ಪರಿಶೀಲಿಸುವ ಅಧಿಕಾರಿಯೊಬ್ಬರು ಬಂದಿದ್ದರಂತೆ. ಕಲ್ಲಿನ ಮೇಲಿನ ಸುಣ್ಣ, ಕುಂಕುಮ ಎಲ್ಲ ತೊಳೆಸಿದರಂತೆ. ಕೆಳಗಿನಿಂದ ಮೇಲಿನವರೆಗೆ ಸಮ ಅಂತರದಲ್ಲಿ ಕೊರೆದ ಗೀರುಗಳು ಕಂಡವಂತೆ. ಇದಕ್ಕೆ ಊರಲ್ಲಿ ಏನಂತ ಕರೀತೀರಿ ಎಂದು ಅವರು ಕೇಳಿದಾಗ ಜಯಮ್ಮನ ಅತ್ತೆ, ತೊಂಬತ್ತರ ಗೌರಮ್ಮಜ್ಜಿ, ಜಗಲಿಯ ಮೇಲಿಂದಲೇ ಹೇಳಿದಳಂತೆ: "ಅಳ್ಯೋ ಕಲ್ಲು ಕಣಪ್ಪ. ಸಂತೇಲಿ ಬಟ್ಟೆ ಅಳ್ಯೋದು, ಹಗ್ಗ ಅಳ್ಯೋದು. ಯಾವನೂ ಮೋಸ ಮಾಡ್ಬಾರ್ದು ಅಂತ ನೆಟ್ಟಿರೋದು."

ಅಳ್ಯೋ ಕಲ್ಲು. ನಾನು ಆ ಒಂದು ಯಕಾರದ ಒತ್ತನ್ನು ರಜೆ ಮುಗಿಸಿ ಮೈಸೂರಿಗೆ ಹೊರಡುವಾಗ ಬಸ್ಸಿನಲ್ಲಿ ಬಿಟ್ಟು ಬಂದಿದ್ದೆನೋ ಏನೋ. ಊರಿನ ಹೆಸರಲ್ಲೇ ಸಂತೆ ಇದೆ, ಕಲ್ಲೂ ಇದೆ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ವಿಶ್ವವಿದ್ಯಾನಿಲಯದ ಎರಡು ಪದವಿ ಪಡೆದವಳಿಗೆ ಬರಲಿಲ್ಲ. ಕಡುಬೇಸಿಗೆಯಲ್ಲೂ ಬುಡ ಒದ್ದೆ ಎಂದಿದ್ದೆನಲ್ಲ, ಅಲ್ಲಿ ಪಂಚಾಯಿತಿಯ ನಲ್ಲಿ ಸೋರುತ್ತದಂತೆ. ಅದನ್ನು ರಿಪೇರಿ ಮಾಡಿಸಬೇಡಿ ಎಂದು ಸಮಿತಿಯೇ ಠರಾವು ಮಾಡಿತ್ತಂತೆ.

ಅಧಿಕಾರಿ ಒಂದು ಮಾತು ಹೇಳಿ ಹೋಗಿದ್ದರು. ಅಳುವ ಕತೆ ಎಲ್ಲಿಂದ ಬಂತು ಎಂಬುದನ್ನು ಬರೆದವರೇ ಸಹಿ ಮಾಡಿ ಕಳಿಸಬೇಕು. ಹಿರಿಯರು ಹೇಳಿದ್ದು ಎಂದಾದರೆ ದಾಖಲೆಯಲ್ಲಿ ಹಾಗೇ ಇರುತ್ತದೆ, ಬೋರ್ಡೂ ಇರುತ್ತದೆ. ಅಲ್ಲವೆಂದರೆ ಬೋರ್ಡು ಕೀಳಬೇಕು. ಸ್ವಾಮಣ್ಣ ಗಂಟಲು ಸರಿಮಾಡಿಕೊಂಡ. "ಅಳೆಯೋ ಕಲ್ಲು ನೋಡೋಕೆ ಬೆಂಗಳೂರಿಂದ ಯಾರು ಬರ್ತಾರೆ ಸರೂ? ಜಯಮ್ಮ ಈಗ ತಾನೇ ಅಂಗಡಿ ಮೇಲೆ ಶೀಟು ಹಾಕಿಸಿದ್ದಾಳೆ. ಅಜ್ಜಿ ಹೇಳಿದ್ದು ಅಂತ ಒಂದು ಗೆರೆ ಬರೆದುಬಿಡು. ಅಜ್ಜಿ ಏನು ಎದ್ದು ಬಂದು ಇಲ್ಲ ಅಂತಾಳಾ?"

ಆ ವಾರವೆಲ್ಲ ನನಗೆ ಟ್ರೈನಿನಲ್ಲಿ ಇಳಿಯುವ ಸ್ಟೇಷನ್ನು ತಪ್ಪುತ್ತಿತ್ತು. ಜಯಮ್ಮನ ಹೊಟ್ಟೆಪಾಡು ಎಂದು ನನಗೆ ನಾನೇ ಹೇಳಿಕೊಂಡೆ. ಸ್ವಲ್ಪ ಹೊತ್ತು ಅದು ಉದಾತ್ತವಾಗಿ ಕೇಳಿಸಿತು. ಆದರೆ ದಿನಚರಿಯಲ್ಲಿ ಅದನ್ನೇ ಬರೆಯಲು ಹೋದಾಗ ಪೆನ್ನು ನಿಂತಿತು. ಬೋರ್ಡು ಹೋದರೆ ಲೇಖಕಿ ಹೋಗುತ್ತಾಳೆ, ಲೇಖಕಿ ಹೋದರೆ ಶನಿವಾರ ಹೋಗುತ್ತದೆ. ನನ್ನ ಭಯ ಇಷ್ಟೇ ಆಗಿತ್ತು.

ಕೊನೆಗೆ ಜಯಮ್ಮನ ನಂಬರು ಇಸಿದುಕೊಂಡು ಫೋನು ಮಾಡಿದೆ. ಅತ್ತೆಯವರ ಹತ್ತಿರ ಮಾತಾಡಬಹುದೇ ಎಂದೆ. ಜಯಮ್ಮ ಫೋನನ್ನು ಗೌರಮ್ಮಜ್ಜಿಯ ಕಿವಿಗೆ ಹಿಡಿದಳು. ನಾನು ಇಂಥವರ ಮೊಮ್ಮಗಳು ಎಂದು ಹೇಳಿ, ನಮ್ಮಜ್ಜಿ ಆ ಕಲ್ಲಿನ ಹತ್ತಿರ ಅಳುತ್ತಿದ್ದದ್ದು ನಿಮಗೆ ನೆನಪಿದೆಯೇ ಎಂದು ಕೇಳಿದೆ. ಇದೆ ಎನ್ನಲಿ ಎಂದು ಮನಸ್ಸಿನಲ್ಲಿ ಎಷ್ಟು ಬೇಡಿಕೊಂಡೆನೆಂದು ಬರೆಯಲು ನಾಚಿಕೆ.

"ನಿಮ್ಮಜ್ಜಿ ಯಾಕವ್ವ ಅಳ್ತಾಳೆ?" ಎಂದಳು ಗೌರಮ್ಮಜ್ಜಿ. "ಪ್ರತಿ ಬ್ಯಾಸಗೇಲೂ ನಿನ್ನ ಆ ಕಲ್ಲಿಗೆ ಒತ್ತಿ ನಿಲ್ಸಿ, ನೆತ್ತಿ ಮ್ಯಾಲೆ ಕೈ ಮಡಗಿ ಅಳ್ಯೋಳು. ಹ್ವಾದ ವರ್ಸಕ್ಕಿಂತ ಎಷ್ಟುದ್ದ ಆಗವ್ಳೆ ನೋಡ್ರೇ ಅಂತ ಬೀದಿಗೆಲ್ಲ ಸಾರೋಳು. ಅಳ್ತಿದ್ದೋಳು ನೀನು. ಬೆನ್ನು ಸುಡ್ತದೆ ಅಂತ ಊರ್ಗೇ ಕೇಳ್ಸಂಗೆ ಬಾಯಿ ಮಾಡ್ತಿದ್ದೆ."

ಜಯಮ್ಮ ಆಚೆ ನಗುತ್ತಿದ್ದಳು. ನಾನೂ ನಕ್ಕೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಆ ವಾಕ್ಯವನ್ನು ನೀವು ಸಮುದ್ರ ತೀರದ ಗೆಳತಿಯರ ಲೆಕ್ಕಕ್ಕೇ ಸೇರಿಸಿಕೊಳ್ಳಬಹುದು.

ಅಧಿಕಾರಿಗೆ ಬರೆದೆ. ನನ್ನ ಜೀವನದ ಅತ್ಯಂತ ಚಿಕ್ಕ ಬರವಣಿಗೆ ಅದು. ಅಳುವ ಕತೆಯನ್ನು ಯಾರೂ ಹೇಳಿಲ್ಲ, ನಾನೇ ತಪ್ಪಾಗಿ ಕೇಳಿಸಿಕೊಂಡು ಕಟ್ಟಿದ್ದು, ಗೌರಮ್ಮಜ್ಜಿಯವರು ಹೇಳುವುದೇ ಸರಿ. ಸಹಿ ಮಾಡಿ ಕಳಿಸಿದೆ. ಮೊದಲು ಜಯಮ್ಮನಿಗೆ ತಿಳಿಸಬೇಕಿತ್ತು. ಕಳಿಸಿದ ಮೇಲೆ ತಿಳಿಸಿದೆ, ಮೊದಲೇ ತಿಳಿಸಿದರೆ ಎಲ್ಲಿ ಬೇಡ ಅನ್ನುತ್ತಾಳೋ ಎಂಬ ಹೆದರಿಕೆಗೆ. ಅವಳು "ಒಂದು ಮಾತು ಕೇಳ್ಬೋದಿತ್ತು ಅಕ್ಕಾ, ಶೀಟು ಹಾಕ್ಸಿರೋಳು ನಾನು" ಎಂದಳು.

ಸ್ವಾಮಣ್ಣ ಮುಂದಿನ ಶನಿವಾರ ಫೋನು ಮಾಡಲಿಲ್ಲ. ಅದರ ಮುಂದಿನದೂ ಇಲ್ಲ. ಆದರೂ ಸುದ್ದಿ ತಿಳಿಯಿತು, ಜಯಮ್ಮ ಫೋಟೋ ಕಳಿಸಿದ್ದಳು. ಬೋರ್ಡು ಇದ್ದ ಜಾಗದಲ್ಲಿ ಎರಡು ಕಂಬ ಮಾತ್ರ. ಕಾರುಗಳು ಕಡಿಮೆ. ಆದರೆ ಕಲ್ಲಿನ ಮುಂದೆ ಪಕ್ಕದ ಊರುಗಳ ಅಪ್ಪ ಅಮ್ಮಂದಿರು ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದರು. ಜಯಮ್ಮ ಎಷ್ಟನೇ ಗೀರು ಎಂದು ನೋಡಿ ಚೀಟಿಯಲ್ಲಿ ಬರೆದುಕೊಡುತ್ತಾಳಂತೆ. ಮುಂದಿನ ವರ್ಷ ಅದೇ ಚೀಟಿ ತಂದರೆ ಒಂದು ಇಡ್ಲಿ ಪುಕ್ಕಟೆಯಂತೆ. ಕರ್ಚೀಫು ಏನಾಯಿತು ಎಂದು ಹೆದರುತ್ತ ಕೇಳಿದೆ. ಬಿಸಿಲಿಗೆ ಬೆವರಲ್ವಾ, ಅದು ಬೆವರಿನ ಹನಿ ಅಂತ ಹೇಳ್ತೀನಿ ಎಂದು ಉತ್ತರ ಬಂತು. ಹಿಂದಿನಷ್ಟು ವ್ಯಾಪಾರ ಇಲ್ಲ ಎಂದೂ ಸೇರಿಸಿದ್ದಳು. ನನ್ನಂತೆ ಅಲ್ಲ, ಅವಳು ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳುತ್ತಾಳೆ.

ಕಳೆದ ವಾರ ವಾರ್ಷಿಕ ತಪಾಸಣೆಗೆ ಹೋಗಿದ್ದೆ. ಎತ್ತರ ಎಷ್ಟು ಎಂದು ನರ್ಸು ಕೇಳಿದಳು. ಐದು ಅಡಿ ಮೂರು ಇಂಚು ಎಂದೆ, ನನ್ನ ಡ್ರೈವಿಂಗ್ ಲೈಸೆನ್ಸಿನಲ್ಲೇ ಇದೆ ಎಂದೆ. ಲೈಸೆನ್ಸಿಗೆ ಆ ಎತ್ತರ ಹೇಳಿದವಳೂ ನಾನೇ. ಅಲ್ಲಿ ಅಳೆಯುವುದಿಲ್ಲ, ಕೇಳಿ ಬರೆದುಕೊಳ್ಳುತ್ತಾರೆ. ನರ್ಸು ನನ್ನನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಕೂದಲನ್ನು ಒತ್ತಿ, ನೆತ್ತಿಯ ಮೇಲೆ ಪಟ್ಟಿಯನ್ನು ಇಳಿಸಿದಳು. ಒಂದೂವರೆ ಇಂಚು ಕಡಿಮೆ ಬಂತು. ತಪ್ಪಿರಬೇಕು, ಇನ್ನೊಮ್ಮೆ ನೋಡಿ ಎಂದೆ. ಪಾಪ, ಮತ್ತೊಮ್ಮೆ ನೆತ್ತಿಯ ಮೇಲೆ ಕೈಯಿಟ್ಟು ನೋಡಿದಳು. ಅಷ್ಟೇ ಬಂತು. ಅಳತೆ ಸರಿಯಾಗಿಯೇ ಇದೆ ಎಂದು ನನಗೆ ಮೊದಲ ಸಲವೇ ಗೊತ್ತಾಗಿತ್ತು. ಮೂರನೆಯ ಸಲ ಕೇಳಲು ಮಾತ್ರ ನಾಚಿಕೆಯಾಯಿತು.