ಹೆಂಡತಿಗೊಂದು ಲೋಹವಿಲ್ಲದ ಹಾರ

ನನ್ನ ಈ ಎರಡು ಕೈಗಳು ಇದುವರೆಗೆ ಏನಿಲ್ಲವೆಂದರೂ ನಲವತ್ತು ಸಾವಿರ ಹೆಬ್ಬೆಟ್ಟುಗಳನ್ನು ಹೊರಳಿಸಿವೆ. ಕೇವಲ ಮೂವತ್ತೊಂದು ಮಣಿ ಹೊರಳಿಸುವುದು ಯಾವ ಮಹಾ ಕೆಲಸ!

ಗಾಬರಿಯಾಗಬೇಡಿ, ನಾನು ರೌಡಿಯಲ್ಲ. ಆಸ್ತಿ ನೋಂದಣಿ ಕಚೇರಿಯ ಗುಮಾಸ್ತ. ಮನೆ ಕೊಳ್ಳುವವರು, ಮಾರುವವರು ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. ನಾನು ಅವರ ಹೆಬ್ಬೆರಳು ಹಿಡಿದು, ನೇರಳೆ ಶಾಯಿಯ ಪ್ಯಾಡಿಗೆ ಒತ್ತಿ, ಎಡದಿಂದ ಬಲಕ್ಕೆ ಹದವಾಗಿ ಹೊರಳಿಸಿ ಪತ್ರದ ಮೇಲೆ ಗುರುತು ಮೂಡಿಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಇಂಥ ಕೈಗೆ ಒಡವೆ ಮಾಡುವ ಯೋಗ ಬಂದದ್ದು ನನ್ನ ಹೆಂಡತಿಯ ಕತ್ತಿನಿಂದ.

ಅವಳು ಮಕ್ಕಳ ಆಸ್ಪತ್ರೆಯಲ್ಲಿ ನರ್ಸು. ಲೋಹವೆಂದರೆ ಅವಳ ಚರ್ಮಕ್ಕೆ ಆಗದು. ಚಿನ್ನವಾಗಲಿ ಬೆಳ್ಳಿಯಾಗಲಿ, ಕತ್ತಿಗೆ ಸೋಕಿ ಅರ್ಧ ಗಂಟೆಯಾದರೆ ಸಾಕು, ಕೆಂಪು ದದ್ದು ಎದ್ದು ಪರಪರ ಕೆರೆತ. ಮದುವೆಯಾದ ಹೊಸದರಲ್ಲಿ ಇದು ನನ್ನ ಪುಣ್ಯವೆಂದು ಒಳಗೊಳಗೇ ಹಿಗ್ಗಿದ್ದೂ ಉಂಟು, ಸುಳ್ಳೇಕೆ ಹೇಳಲಿ!

ಈ ವರ್ಷ ಆಸ್ಪತ್ರೆಯವರು ಇಪ್ಪತ್ತು ವರ್ಷ ಸೇವೆ ಸಲ್ಲಿಸಿದವರನ್ನು ವೇದಿಕೆಗೆ ಕರೆದು ಸನ್ಮಾನಿಸುತ್ತೇವೆ ಎಂದರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಮಾರಂಭ. ವಾರ್ಡಿನ ನೀಲಿ ಉಡುಪು ಬೇಡ, ಎಲ್ಲರೂ ಬಿಳಿ ಸಮವಸ್ತ್ರದಲ್ಲೇ ಬರತಕ್ಕದ್ದು ಎಂದು ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಅವರ ಅಪ್ಪಣೆ. ಬಿಳಿಯದು ಇಲ್ಲದ ಇವಳು ಹೊಸದೊಂದು ಬಿಳಿ ಉಡುಪು ಹೊಲಿಸಿದಳು. ಅದನ್ನು ಹಿಡಿದು ಕನ್ನಡಿ ಮುಂದೆ ನಿಂತವಳು ಬರಿಗತ್ತು ಸವರಿಕೊಂಡು, "ಎಲ್ಲರ ಕತ್ತಲ್ಲೂ ಏನಾದ್ರೊಂದು ಹೊಳೀತಿರುತ್ತೆ. ನಂದು ಮಾತ್ರ ಬೋಳು ಕಂಬ" ಅಂದಳು. ನಗುತ್ತಲೇ ಅಂದಳು.

ಶಪಥ ಮಾಡಿಬಿಟ್ಟೆ! ಭಾನುವಾರ ಆ ಕತ್ತಿನಲ್ಲಿ ಹಾರ ಇರಬೇಕು. ಅದರಲ್ಲಿ ಗುಂಡುಸೂಜಿಯಷ್ಟೂ ಲೋಹ ಇರಬಾರದು. ಅದನ್ನು ನಾನೇ ಸ್ವಹಸ್ತದಿಂದ ಮಾಡಬೇಕು!

ಕರಕುಶಲ ಸಾಮಾನಿನ ಅಂಗಡಿಯಾಕೆ ನನಗೆ ಐದು ನಿಮಿಷದಲ್ಲಿ ವಿದ್ಯಾದಾನ ಮಾಡಿದಳು. "ಇದು ಪಾಲಿಮರ್ ಕ್ಲೇ ಸಾರ್, ಜೇಡಿಮಣ್ಣಿನ ಥರ. ಉಂಡೆ ಮಾಡಿ, ಕಡ್ಡೀಲಿ ತೂತು ತೆಗೆದು, ಓವನ್ನಲ್ಲಿ ಬೇಯಿಸಿದ್ರೆ ಕಲ್ಲಾಗುತ್ತೆ. ಆಮೇಲೆ ಯಾರಪ್ಪ ಬಂದ್ರೂ ತಿದ್ದೋಕಾಗಲ್ಲ. ಇದು ಉಣ್ಣೆ. ಉಂಡೆ ಕಟ್ಟಿ ಬಿಸಿ ಸೋಪು ನೀರಲ್ಲಿ ಉಜ್ಜಿದ್ರೆ ಬಿಗಿದುಕೊಂಡು ಮಣಿ ಆಗುತ್ತೆ. ಉಜ್ಜೋಕೆ ಬೇಜಾರಾದ್ರೆ ಕಾಲುಚೀಲದಲ್ಲಿ ತುಂಬಿ, ಗಂಟು ಹಾಕಿ ವಾಷಿಂಗ್ ಮಷೀನಿಗೆ ಬಿಡಿ. ಒಂದೇ ಮಾತು, ಕ್ಲೇ ಮುಟ್ಟೋವಾಗ ಕೈ ಶುದ್ಧವಾಗಿರ್ಬೇಕು."

"ಇಪ್ಪತ್ತೆರಡು ವರ್ಷದ ಸರ್ಕಾರಿ ನೌಕರಿ ತಾಯಿ! ನನ್ನ ಕೈ ಶುದ್ಧ ಅಂತ ಮೇಲಧಿಕಾರಿಗಳೇ ಬರೆದುಕೊಟ್ಟಿದ್ದಾರೆ" ಎಂದು ಎದೆ ಉಬ್ಬಿಸಿ, ಬಿಳಿ ಕ್ಲೇ, ಕೆಂಪು ಉಣ್ಣೆ ಹೊತ್ತುಕೊಂಡು ಬಂದೆ.

ಶನಿವಾರ ನನಗೆ ಅರ್ಧ ದಿನ ಕಚೇರಿ. ಹೆಂಡತಿಗೆ ನಾಲ್ಕರವರೆಗೆ ಡ್ಯೂಟಿ. ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು ತಪಸ್ಸಿಗೆ ಕೂತೆ. ಕ್ಲೇ ಮೆತ್ತಿದ ಕೈಯಿಂದ ಜಾರುವ ಕನ್ನಡಕವನ್ನು ಏರಿಸಲಾಗದೆ ಅದನ್ನೂ ತೆಗೆದಿಟ್ಟೆ. ಹೊರಳಿಸಿದೆ, ಹೊರಳಿಸಿದೆ, ಮೂವತ್ತೊಂದು ಮಣಿ! ಹದ ನೋಡಲು ಒಂದೊಂದಕ್ಕೂ ಅಭ್ಯಾಸಬಲದಿಂದ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದೆ. ತೂತು ತೆಗೆದು ಬೇಯಿಸಿದೆ. ಆರಿದ ಮೇಲೆ ಕನ್ನಡಕ ಹಾಕಿ ನೋಡಿದೆ.

ಒಂದೊಂದು ಬಿಳಿ ಮಣಿಯ ಮೇಲೂ ಒಂದೊಂದು ನೇರಳೆ ಹೆಬ್ಬೆಟ್ಟು! ಪ್ಯಾಡಿನಲ್ಲಿ ಶಾಯಿ ಇದೆಯೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ನನ್ನ ಹೆಬ್ಬೆರಳಿಂದಲೇ ಒತ್ತಿ ನೋಡುವ ಚಾಳಿ ನನ್ನದು. ಸೋಪಿಗೆ ಬಗ್ಗದೆ ಉಳಿದಿದ್ದ ಶಾಯಿಯನ್ನು ಕ್ಲೇ ಚೆನ್ನಾಗಿ ಹೀರಿಕೊಂಡಿತ್ತು. ಸುಳಿ, ಗೆರೆ ಎಲ್ಲ ಎಷ್ಟು ಸ್ಪಷ್ಟವೆಂದರೆ, ಕಚೇರಿಯಲ್ಲಿ ಅಂಥದ್ದೊಂದು ಗುರುತನ್ನು ನಾನು ಇದುವರೆಗೆ ಮೂಡಿಸಿಲ್ಲ.

ಹೋಗಲಿ, ನಡುನಡುವೆ ಕೆಂಪು ಉಣ್ಣೆಯ ಮಣಿ ಪೋಣಿಸಿದರೆ ಯಾರ ಕಣ್ಣೂ ಬಿಳಿಯ ಮೇಲೆ ಬೀಳದು ಎಂದು ಸಮಾಧಾನ ಹೇಳಿಕೊಂಡೆ. ಉಣ್ಣೆ ಉಂಡೆಗಳನ್ನು ಕಾಲುಚೀಲಕ್ಕೆ ತುಂಬಿ ಗಂಟು ಬಿಗಿಯುವಾಗ ಹೆಂಡತಿಯ ಫೋನು ಬಂತು.

"ರೀ, ಮಷೀನಲ್ಲಿ ನನ್ನ ಹೊಸ ಯೂನಿಫಾರ್ಮ್ ಹಾಕಿಟ್ಟಿದೀನಿ, ಗಂಜಿ ಹೋಗ್ಲಿ ಅಂತ. ಗುಂಡಿ ಒತ್ತಿ, ಸಾಕು. ಬೇರೆ ಯಾವ ಬುದ್ಧಿವಂತಿಕೇನೂ ತೋರಿಸ್ಬೇಡಿ."

"ಛೇ ಛೇ, ನಾನ್ಯಾಕೆ ತೋರಿಸ್ಲಿ!"

ತೋರಿಸಿದೆ. ಒಂದು ಬಟ್ಟೆಗಾಗಿ ಒಂದು ಮಷೀನು ನೀರೇ? ಕಾಲುಚೀಲವನ್ನೂ ಒಳಗೆಸೆದು, ಉಣ್ಣೆಗೆ ಬೇಕಲ್ಲವೇ ಎಂದು ಬಿಸಿನೀರಿನ ಗುಂಡಿಯನ್ನೇ ಒತ್ತಿದೆ!

ನಾಲ್ಕೂವರೆಗೆ ಬಂದವಳು ಮಷೀನಿನ ಬಾಗಿಲು ತೆಗೆದು, ಉಡುಪನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. ಗುಲಾಬಿ! ಕಾಲರಿನಿಂದ ಅಂಚಿನವರೆಗೆ, ಒಂದು ಚೂರೂ ಬಿಡದೆ, ಅಚ್ಚ ಗುಲಾಬಿ!

ಬೈದಿದ್ದರೆ ಬದುಕುತ್ತಿದ್ದೆ. ಅವಳು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು, "ಇಪ್ಪತ್ತು ವರ್ಷಕ್ಕೆ ಒಂದು ಸಲ ನನ್ನ ಹೆಸರು ಕರೀತಾರೆ. ಬಿಳಿ ಇಲ್ದಿದ್ರೆ ಮೇಟ್ರನ್ ಮೆಟ್ಟಿಲು ಹತ್ತಿಸಲ್ಲ" ಅಂದಳು. ಆಸ್ಪತ್ರೆಯಲ್ಲಿ ಇವಳಷ್ಟು ಎತ್ತರದವರು ಇನ್ನೊಬ್ಬರಿಲ್ಲ. ಯಾರ ಉಡುಪನ್ನೂ ಕೇಳಿ ತರುವಂತಿಲ್ಲ. ರಾತ್ರಿಯವರೆಗೆ ಇಬ್ಬರೂ ನೆನೆಸಿದೆವು, ತಿಕ್ಕಿದೆವು, ಹಿಂಡಿದೆವು. ಗುಲಾಬಿ ಮಾತ್ರ ಜಗ್ಗಲಿಲ್ಲ.

"ಅದ್ಸರಿ, ಕಾಲುಚೀಲದಲ್ಲಿ ಉಣ್ಣೆ ಯಾಕೆ ತುಂಬಿದ್ರಿ?"

ನಾನು ಹಾರ ಪೋಣಿಸಿ ತಂದು ಮುಂದಿಟ್ಟೆ. ಉಣ್ಣೆಯ ಮಣಿಗಳು ದುಂಡಗೆ, ಮುದ್ದಾಗಿ ಬಂದಿದ್ದವು, ಅಷ್ಟನ್ನು ಒಪ್ಪಬೇಕು. ಅವಳು ಬಿಳಿ ಮಣಿಯೊಂದನ್ನು ಬೆಳಕಿಗೆ ಹಿಡಿದಳು. ಹುಬ್ಬು ಮೇಲೇರಿತು.

"ಏನ್ರೀ ಇದು? ಹಾರಾನೋ, ಕ್ರಯಪತ್ರಾನೋ?"

"ಆವತ್ತು ಕನ್ನಡಿ ಮುಂದೆ ಕತ್ತು ಸವರಿಕೊಂಡ್ಯಲ್ಲ, ನೋಡೋಕಾಗಲಿಲ್ಲ ಕಣೇ. ಒಂಚೂರೂ ಲೋಹ ಇಲ್ಲ. ಹತ್ತಿ ದಾರ, ಹಿಂದೆ ಬರೀ ಗಂಟು. ತಪ್ಪಾಯ್ತು" ಎಂದೆ. ಅವಳು ಹಾರವನ್ನು ಮಡಿಲಲ್ಲಿ ಹಾಕಿಕೊಂಡು ಮೂವತ್ತೊಂದು ಬಿಳಿ ಮಣಿಯನ್ನೂ ಒಂದೊಂದಾಗಿ ತಿರುಗಿಸಿ ನೋಡಿದಳು.

ಭಾನುವಾರ ಸಭಾಂಗಣದಲ್ಲಿ ಹನ್ನೊಂದು ಜನ ಬಿಳಿ ನರ್ಸುಗಳ ಸಾಲು, ಕೊನೆಯಲ್ಲಿ ಒಬ್ಬಳೇ ಗುಲಾಬಿ ನರ್ಸು, ಕತ್ತಿನಲ್ಲಿ ನನ್ನ ಹಾರ! ನಾನು ಮೂರನೇ ಸಾಲಿನಲ್ಲಿ ಕುರ್ಚಿಯೊಳಗೇ ಇಳಿದು ಹೋಗುತ್ತಿದ್ದೆ. ಇವಳ ಸರದಿ ಬಂದಾಗ ಮೇಟ್ರನ್ ಮೆಟ್ಟಿಲಿಗೆ ಅಡ್ಡ ನಿಂತರು. ಕೈಯಲ್ಲಿದ್ದ ಮೈಕು ಆರಿಸಲು ಮರೆತಿದ್ದರು.

"ಏನಮ್ಮ ಈ ಬಣ್ಣ? ನನಗೆ ಲಿಖಿತ ವಿವರಣೆ ಬೇಕು!" ಇಡೀ ಸಭಾಂಗಣಕ್ಕೆ ಕೇಳಿಸಿತು.

ಇವಳು ಹಾರವನ್ನು ಬೆರಳಲ್ಲಿ ಎತ್ತಿ ತೋರಿಸಿದಳು. "ಇಲ್ಲೇ ಇದೆ ಮೇಡಂ. ಹಾಳು ಮಾಡಿದವರ ಹೆಬ್ಬೆಟ್ಟಿನ ಸಮೇತ."

ಮೇಟ್ರನ್ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಮಣಿಗಳನ್ನು ಪರಿಶೀಲಿಸಿದರು. ಬಿಗಿದ ತುಟಿ ಸಡಿಲವಾಯಿತು. "ಯಾರದಿದು?"

"ಮೂರನೇ ಸಾಲಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದಾರಲ್ಲ, ಅವರದು. ನನ್ನ ಕತ್ತಿಗೆ ತುರಿಕೆಯಾಗದಿರೋ ಮೊದಲನೇ ಒಡವೆ ಮೇಡಂ. ನಮ್ಮನೆಯವರೇ ಮಾಡಿದ್ದು."

ಇನ್ನೂರು ತಲೆಗಳು ನನ್ನತ್ತ ತಿರುಗಿದವು. ಮೇಟ್ರನ್ ನಕ್ಕು ದಾರಿ ಬಿಡುತ್ತಾ, "ಹೆಬ್ಬೆಟ್ಟೇನೋ ಇದೆ. ಒಕ್ಕಣೆ ಎಲ್ಲಮ್ಮ? ಏನಂತ ಬರೆದುಕೊಟ್ಟಿದ್ದಾರೆ?" ಎಂದರು.

"ಏನೂ ಬರೆದಿಲ್ಲ ಮೇಡಂ. ಖಾಲಿ ಬಿಟ್ಟೇ ಒತ್ತಿಕೊಟ್ಟಿದ್ದಾರೆ. ಇನ್ನು ನನಗೆ ಬೇಕಾದ್ದನ್ನ ನಾನು ಬರ್ಕೋತೀನಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಖಾಲಿ ಕಾಗದಕ್ಕೆ ಮಾತ್ರ ಹೆಬ್ಬೆಟ್ಟು ಒತ್ತಬೇಡಿ ಎಂದು ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳುತ್ತಾ ಬಂದ ನಾನು, ಮೂವತ್ತೊಂದು ಕಡೆ ಒತ್ತಿ, ಬೇಯಿಸಿ, ಪೋಣಿಸಿ, ಹೆಂಡತಿಯ ಕೈಗೇ ಕೊಟ್ಟಿದ್ದೆ!